ಮಗುವಿನ ಅಳತೆಗೆ ರಟ್ಟಿನ ಕುರ್ಚಿ

ಫ್ರಿಜ್ಜೋ ವಾಷಿಂಗ್ ಮೆಷಿನ್ನೋ ಮನೆಗೆ ಬಂದರೆ ಅದರ ರಟ್ಟಿನ ಪೆಟ್ಟಿಗೆ ನಾಲ್ಕು ದಿನ ಮಕ್ಕಳಿಗೆ ಆಟದ ಮನೆ. ಐದನೆಯ ದಿನ ಗುಜರಿಗೆ. ಆ ರಟ್ಟಿನಲ್ಲಿ ಒಂದು ಗಟ್ಟಿ ಕುರ್ಚಿಯೋ ಓದುವ ಮೇಜೋ ಅಡಗಿದೆ ಎಂದರೆ ನಂಬುವವರು ಕಡಿಮೆ. ಆದರೆ ಈ ವಿದ್ಯೆ ಹೊಸದೇನಲ್ಲ. ಅರವತ್ತು ವರ್ಷಗಳಿಂದ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಬೆಳೆದು ಬಂದಿದೆ.

ರಟ್ಟಿನ ಕಥೆ ಶುರುವಾದದ್ದು ಟೋಪಿಯಿಂದ. 1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಅಲೆನ್ ಎಂಬಿಬ್ಬರು ಅಲೆಅಲೆಯಾಗಿ ಮಡಿಸಿದ ಕಾಗದಕ್ಕೆ ಪೇಟೆಂಟ್ ಪಡೆದರು. ಗಂಡಸರ ಎತ್ತರದ ಟೋಪಿಗಳ ಒಳಗೆ ಆಧಾರವಾಗಿ ಇಡುವುದಕ್ಕಷ್ಟೇ ಅದು ಬೇಕಾಗಿತ್ತು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅಂಥದೇ ಕಾಗದವನ್ನು ಬಾಟಲಿ, ದೀಪದ ಗಾಜು ಒಡೆಯದಂತೆ ಸುತ್ತುವುದಕ್ಕೆ ಬಳಸಿದರು. ಅಲೆಯ ಎರಡೂ ಬದಿಗೆ ಚಪ್ಪಟೆ ಹಾಳೆ ಅಂಟಿದ ಮೇಲೆ ನಾವು ಇಂದು ಕಾಣುವ ರಟ್ಟು ಸಿದ್ಧವಾಯಿತು. ಪೆಟ್ಟಿಗೆ ಮಾರುವವರು 3 ಪ್ಲೈ, 5 ಪ್ಲೈ, 7 ಪ್ಲೈ ಎನ್ನುವುದು ಈ ಪದರಗಳ ಲೆಕ್ಕವನ್ನೇ.

ಇದರ ಬಲವೆಲ್ಲ ಆ ಅಲೆಗಳಲ್ಲಿದೆ. ಅಲೆಯ ಕೊಳವೆಗಳು ನೆಟ್ಟಗೆ ನಿಂತರೆ ತೂಕ ಹೊರುತ್ತವೆ, ಅಡ್ಡ ಮಲಗಿದರೆ ಕುಸಿಯುತ್ತವೆ. ಇಷ್ಟು ತಿಳಿದುಕೊಂಡರೆ ಅರ್ಧ ಬಡಗಿ ಕೆಲಸ ಕಲಿತಂತೆ.

1963ರಲ್ಲಿ ಬ್ರಿಟನ್ನಿನ ಪೀಟರ್ ಮರ್ಡಾಕ್ ಕಾಗದದ ಪದರಗಳ ಹಾಳೆಯನ್ನು ಮಡಚಿ, ಮೈತುಂಬ ಚುಕ್ಕಿಯಿರುವ ಮಕ್ಕಳ ಕುರ್ಚಿ ಮಾಡಿದರು. ಚಪ್ಪಟೆಯಾಗಿ ಕೊಂಡೊಯ್ದು ಮನೆಯಲ್ಲಿ ಮಡಚಿ ನಿಲ್ಲಿಸಿಕೊಳ್ಳುವಂಥದ್ದು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಗೆರಿ ಇನ್ನೂ ಮುಂದೆ ಹೋದರು. ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು, ಅಲೆಯ ದಿಕ್ಕು ಬದಲಿಸುತ್ತ ಅಂಟಿಸಿ 1972ರಲ್ಲಿ ಹಾವಿನಂತೆ ಬಳುಕುವ 'ವಿಗಲ್' ಕುರ್ಚಿ ಮಾಡಿದರು. ಅಗ್ಗದ ಪೀಠೋಪಕರಣ ಎಂದೇ ಅದು ಮಾರುಕಟ್ಟೆಗೆ ಬಂತು. ಜನ ಮೆಚ್ಚಿದರು. ಆದರೆ ತನ್ನನ್ನು ಪೀಠೋಪಕರಣದವನೆಂದೇ ಗುರುತಿಸಿಬಿಟ್ಟಾರೆಂದು ಗೆರಿ ಅದನ್ನು ಬೇಗನೆ ನಿಲ್ಲಿಸಿದರು. ಈಗ ಅದೇ ಕುರ್ಚಿಯನ್ನು ವಿಟ್ರಾ ಕಂಪನಿ ತಯಾರಿಸುತ್ತದೆ. ಸಾಮಾನ್ಯ ಮನೆಯವರು ಕೊಳ್ಳುವ ಬೆಲೆಯಲ್ಲಲ್ಲ. ಚಂದದ ಕುರ್ಚಿ, ನಿಜ. ಆದರೆ ರಟ್ಟಿನ ನಿಜವಾದ ಉಪಯೋಗ ಇನ್ನೆಲ್ಲೋ ಇತ್ತು.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಎಂಬವರು ಹಳೆ ಕಾಗದ, ರಟ್ಟು ಮತ್ತು ಹಿಟ್ಟಿನ ಅಂಟಿನಿಂದ ಸ್ಟೂಲು, ಮೇಜು, ಕುರ್ಚಿ ಮಾಡುವುದನ್ನು ಕಲಿಸತೊಡಗಿದರು. ಮರ ಕೊಳ್ಳಲಾಗದ ಊರುಗಳಿಗೆ ಇದು ಒಗ್ಗಿತು. ಇದರ ಫಲ ಕಂಡವರಲ್ಲಿ ಅಂಗವಿಕಲ ಮಕ್ಕಳ ತಾಯಂದಿರೂ ಇದ್ದರು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಅಂಗಡಿಯ ಕುರ್ಚಿ ಆಗುವುದಿಲ್ಲ. ಸೊಂಟ ಜಾರುತ್ತದೆ, ಕತ್ತು ವಾಲುತ್ತದೆ, ಕಾಲು ನೇತಾಡುತ್ತದೆ. ಆ ಮಗುವಿನ ಬೆನ್ನು, ತೊಡೆ, ಮೊಣಕಾಲಿನ ಅಳತೆಗೇ ಕುರ್ಚಿ ಕತ್ತರಿಸಬೇಕು. ಮಗು ಬೆಳೆದಂತೆ ಮತ್ತೆ ಮಾಡಬೇಕು. ಮರದಲ್ಲಿ ಇದು ದುಬಾರಿ, ರಟ್ಟಿನಲ್ಲಿ ಬರೀ ಕೈಕೆಲಸ.

ಅಮೆರಿಕದಲ್ಲಿ ಅಲೆಕ್ಸ್ ಟ್ರೂಸ್‌ಡೆಲ್ ಇದೇ ದಾರಿಗೆ ಬಂದರು. ಹೆಲನ್ ಕೆಲ್ಲರ್ ಓದಿದ ಬೋಸ್ಟನ್ ಬಳಿಯ ಪರ್ಕಿನ್ಸ್ ಅಂಧರ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಅವರು ಮಕ್ಕಳಿಗೆ ಒಬ್ಬೊಬ್ಬರ ಅಳತೆಗೂ ದಪ್ಪ ರಟ್ಟಿನ ಕುರ್ಚಿ, ಮೇಜು ಮಾಡಿಕೊಟ್ಟರು. 2001ರಲ್ಲಿ ನ್ಯೂಯಾರ್ಕಿನಲ್ಲಿ ಅಡಾಪ್ಟಿವ್ ಡಿಸೈನ್ ಅಸೋಸಿಯೇಷನ್ ಕಟ್ಟಿದರು. 2015ರಲ್ಲಿ ಅವರಿಗೆ ಅಮೆರಿಕದ ಪ್ರತಿಷ್ಠಿತ ಮ್ಯಾಕ್ಆರ್ಥರ್ ಫೆಲೋಶಿಪ್ ಬಂತು. ಯಂತ್ರಮಾನವ, ಕೃತಕ ಬುದ್ಧಿಮತ್ತೆಗಳ ಕಾಲದಲ್ಲಿ ರಟ್ಟು ಕತ್ತರಿಸುವ ಕೆಲಸಕ್ಕೆ ಸಂದ ಆ ಗೌರವ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಮುರಿದುಹೋಗದೇ ಎಂಬ ಅನುಮಾನ ಸಹಜ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳು ಮಲಗಿದ್ದು 200 ಕಿಲೋ ತಾಳುವ ರಟ್ಟಿನ ಮಂಚಗಳ ಮೇಲೆ. ಐರ್ಲೆಂಡಿನ ಜಿಮ್ನಾಸ್ಟ್ ಒಬ್ಬರು ಅದರ ಮೇಲೆ ಕುಣಿದು ವಿಡಿಯೋ ಮಾಡಿಯೂ ತೋರಿಸಿದರು. 2020ರ ಜುಲೈನಲ್ಲಿ ದೆಹಲಿಯ ಛತ್ತರ್‌ಪುರದಲ್ಲಿ ತೆರೆದ ಬೃಹತ್ ಕೋವಿಡ್ ಕೇಂದ್ರದಲ್ಲೂ ರಟ್ಟಿನ ಮಂಚಗಳಿದ್ದವು. ರಟ್ಟಿನ ಶತ್ರು ತೂಕವಲ್ಲ, ನೀರು.

ಇನ್ನು ಮಾಡುವ ಬಗೆ. 5 ಪ್ಲೈ ಪೆಟ್ಟಿಗೆಯನ್ನೇ ಆರಿಸಿಕೊಳ್ಳಿ. ಮಡಿಕೆ ಬಿದ್ದ ಭಾಗ ಬೇಡ. ಒಂದು ಹಾಳೆಯ ಅಲೆ ಮೇಲಿಂದ ಕೆಳಕ್ಕಿದ್ದರೆ ಅದರ ಮೇಲೆ ಅಂಟಿಸುವ ಹಾಳೆಯ ಅಲೆ ಅಡ್ಡಕ್ಕಿರಲಿ. ಹೀಗೆ ಮೂರ್ನಾಲ್ಕು ಹಾಳೆ ಸೇರಿದರೆ ಹಲಗೆಯಾಗುತ್ತದೆ. ಭಾರ ಹೊರುವ ಕಾಲುಗಳಲ್ಲಿ ಮಾತ್ರ ಹೆಚ್ಚಿನ ಹಾಳೆಗಳ ಅಲೆ ನೆಟ್ಟಗಿರಲಿ. ಮೈದಾ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿವ ನೀರಿಗೆ ಸುರಿದು ತಿರುವಿದರೆ ಅಂಟು ಸಿದ್ಧ. ತೆಳ್ಳಗೆ ಸವರಿ, ಮೇಲೆ ಭಾರ ಹೇರಿ, ಪೂರ್ತಿ ಒಣಗಲು ಬಿಡಿ. ಅಂಚಿನಲ್ಲಿ ಕಾಣುವ ಅಲೆಯ ಬಾಯಿಗಳನ್ನು ಕಾಗದದ ಪಟ್ಟಿ ಅಂಟಿಸಿ ಮುಚ್ಚಿ. ಜಿರಲೆ, ಹುಳ ಬಾರದಿರಲೆಂದು ಬೈಂಡಿಂಗ್‌ನವರು ಅಂಟಿಗೆ ಮೈಲುತುತ್ತ ಹಾಕುವುದುಂಟು. ಮಕ್ಕಳ ಕುರ್ಚಿಗೆ ಅದನ್ನು ಖಂಡಿತ ಹಾಕಬೇಡಿ, ವಿಷ. ಒಣಗಿದ ಮೇಲೆ ಮಕ್ಕಳಿಗೆ ಅಪಾಯವಿಲ್ಲದ ಬಣ್ಣ ಎರಡು ಕೋಟ್ ಬಳಿದರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ, ಅಂಟು ಒಣಗುವ ಮುಂಚೆ ಬೂಷ್ಟು ಹಿಡಿಯುತ್ತದೆ. ಕುರ್ಚಿಯನ್ನು ನೆಲ ಒರೆಸುವ ನೀರಿನಿಂದ ದೂರವಿಡಿ, ಗೆದ್ದಲಿನ ಗೋಡೆಗೆ ಒರಗಿಸಬೇಡಿ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ನೆಟ್ಟಗೆ ಕೂರಲು ಕಷ್ಟಪಡುವ ಮಗುವಿದ್ದರೆ ಮೊದಲು ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ಆಸರೆ ಎಲ್ಲೆಲ್ಲಿ ಬೇಕೆಂದು ಕೇಳಿ ಅಳತೆ ಬರೆಸಿಕೊಳ್ಳಿ. ಮಾಡಿದ ಕುರ್ಚಿಯಲ್ಲಿ ಅವರ ಎದುರಿಗೇ ಮಗುವನ್ನು ಕೂರಿಸಿ ನೋಡಿ. ಪಕ್ಕದ ಎಲೆಕ್ಟ್ರಾನಿಕ್ಸ್ ಅಂಗಡಿಯವರಿಗೆ ಈಗಲೇ ಹೇಳಿಡಿ, ದೊಡ್ಡ ಪೆಟ್ಟಿಗೆಗಳನ್ನು ಗುಜರಿಗೆ ಹಾಕದೆ ನಿಮಗೆ ತೆಗೆದಿಡಲಿ.