ಸಮಾಜ ಕಾರ್ಯಕರ್ತರಿಗೆ ಫ್ರಾಯ್ಡ್ ಯಾಕೆ ಬೇಕು?

ತುಮಕೂರಿನ ಅಂತರಸನಹಳ್ಳಿಯಲ್ಲಿ, ಕಾರ್ಖಾನೆಗಳ ಮತ್ತು ತರಕಾರಿ ಮಾರುಕಟ್ಟೆಯ ಮಗ್ಗುಲಲ್ಲಿ ದುಡಿಯುವವರ ಕುಡಿತಕ್ಕೆ, ಸಾಲದ ಚಿಂತೆಗೆ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಏನು ಮಾಡಿಯಾನು ಎಂದು ಕೇಳುವವರಿದ್ದಾರೆ. ಕೂಲಿ, ಪಡಿತರ, ಮಾತ್ರೆ ಮೊದಲು ಬೇಕು, ನಿಜ. ಆದರೆ ಕುಡಿತ ಬಿಡಲು ತಾನಾಗಿಯೇ ಬಂದವನು ಎರಡು ಭೇಟಿ ತಪ್ಪಿಸಿ, ಆಮೇಲೆ ಬಂದು ಆಪ್ತಸಮಾಲೋಚಕಿಯ ಮೇಲೆಯೇ ರೇಗಿದರೆ? ಹೊಡೆಯುತ್ತಿದ್ದ ಅಪ್ಪನ ಎದುರು ನುಂಗಿಕೊಂಡ ಸಿಟ್ಟು ಈಗ ನೆರವಿಗೆ ನಿಂತವರ ಮೇಲೆ ತಿರುಗಿರಬಹುದು. ಮನೋವಿಶ್ಲೇಷಣೆ ಇದನ್ನು ಭಾವ ವರ್ಗಾವಣೆ ಎನ್ನುತ್ತದೆ. ಅದನ್ನು ಗುರುತಿಸಬಲ್ಲವರು ‘ಸಹಕರಿಸುತ್ತಿಲ್ಲ’ ಎಂದು ಬರೆದು ಕಡತ ಮುಚ್ಚುವುದಿಲ್ಲ.

ಹೀಗೆ ಗುರುತಿಸಲು ವರ್ಷಗಟ್ಟಲೆ ಚಿಕಿತ್ಸೆಯೇನೂ ಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ ಮನೆಯಿಂದ ಸ್ಥಳಾಂತರಿಸಲಾದ ಮಕ್ಕಳ ವಸತಿಗೃಹಗಳಲ್ಲಿ ಇಂಗ್ಲೆಂಡಿನ ಸಮಾಜ ಕಾರ್ಯಕರ್ತೆ ಕ್ಲೇರ್ ಬ್ರಿಟನ್, ಮನೋವಿಶ್ಲೇಷಕ ವೈದ್ಯ ಡೊನಾಲ್ಡ್ ವಿನಿಕಾಟ್ ಜೊತೆ ದುಡಿದರು. ಮಕ್ಕಳ ಪುಂಡಾಟದಲ್ಲಿ ಅಗಲಿಕೆಯ ನೋವನ್ನು ಕಂಡರು. ಪಶ್ಚಿಮದ ಸರಕು ನಮ್ಮ ಕೂಡುಕುಟುಂಬಕ್ಕೆ ಒಗ್ಗದು ಎಂಬ ಆಕ್ಷೇಪದಲ್ಲಿ ತೂಕವಿದೆ. 1922ರಲ್ಲೇ ಕೋಲ್ಕತ್ತದಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಫ್ರಾಯ್ಡ್‌ಗೇ ಪತ್ರ ಬರೆದು ಭಿನ್ನಮತ ಮಂಡಿಸಿದ್ದರು. ಸಿದ್ಧಾಂತವನ್ನು ಹೀಗೆ ಪ್ರಶ್ನಿಸುತ್ತಲೇ ಕಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಜಿಲ್ಲೆಗಳ ಎಂಎಸ್‌ಡಬ್ಲ್ಯು ತರಗತಿಗಳಲ್ಲೂ ವಿದ್ಯಾರ್ಥಿಯು ರೋಗಿಯ ಮಾತಿನ ಜೊತೆಗೆ, ಅದನ್ನು ಕೇಳುವಾಗ ತನಗಾದ ಅಸಹನೆ, ಕನಿಕರ, ಭಯವನ್ನೂ ವರದಿಯಲ್ಲಿ ಬರೆದು ಮೇಷ್ಟ್ರ ಎದುರು ಕೂತು ಚರ್ಚಿಸಲಿ.