ಫೋಂಡಾದ ಪ್ರಾಥಮಿಕ ಶಾಲೆ: ಶೇಕಡಾವಾರಿನ ಹಿಂದಿರುವ ಮಕ್ಕಳು

ಫೋಂಡಾ ತಾಲೂಕಿನ ಪ್ರಾಥಮಿಕ ಶಾಲೆಗಳ ಅಂಕಿಅಂಶಕ್ಕೆ ಕೈಹಾಕುವವರು ಮೊದಲು ಇಸವಿ ನೋಡಿಕೊಳ್ಳಬೇಕು. ಉತ್ತರ ಗೋವಾ ಜಿಲ್ಲೆಯಲ್ಲಿದ್ದ ಈ ತಾಲೂಕು 2015ರ ಜನವರಿಯಲ್ಲಿ ದಕ್ಷಿಣ ಗೋವಾಕ್ಕೆ ಸೇರಿತು. 2011ರ ಜನಗಣತಿಯಲ್ಲಿ ಇಲ್ಲಿನ ಸುಮಾರು 1.65 ಲಕ್ಷ ಜನ ಉತ್ತರದ ಲೆಕ್ಕದಲ್ಲಿದ್ದಾರೆ. ಈಗಿನ ಜಿಲ್ಲಾ ಅಂಕಿಯನ್ನು ಹಳೆಯದರ ಪಕ್ಕ ಇಟ್ಟರೆ, ಒಂದು ಮಗುವೂ ಶಾಲೆ ಬಿಡದೆ ಉತ್ತರದಲ್ಲಿ ಮಕ್ಕಳು ಕಡಿಮೆಯಾದಂತೆ ಕಾಣುತ್ತದೆ.

ಪಾಲಕರಿಗೆ ಜಿಲ್ಲೆಗಿಂತ ಶಾಲೆಯ ಅಂಕಿ ಮುಖ್ಯ. ಅದು ಯುಡೈಸ್ ಪ್ಲಸ್ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಸಿಗುತ್ತದೆ. ಪ್ರತಿ ಶಾಲೆಗೂ 11 ಅಂಕಿಯ ಸಂಕೇತ ಇದ್ದು, ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ, ಶೌಚಾಲಯ ಎಷ್ಟು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಗೋವಾದ ಹಳ್ಳಿಗಳಲ್ಲಿ ಬೆರಳೆಣಿಕೆಯ ಮಕ್ಕಳಿರುವ ಸರ್ಕಾರಿ ಮರಾಠಿ ಶಾಲೆಗಳು ಬಹಳ. ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಎಂದರೆ ಕಾಗದದ ಮೇಲೆ ಅದು ಬಹಳ ಒಳ್ಳೆಯ ಅನುಪಾತ. ಶಿಕ್ಷಣ ಹಕ್ಕು ಕಾಯ್ದೆ ಕೇಳುವುದೇ 30 ಮಕ್ಕಳಿಗೆ ಒಬ್ಬರನ್ನು. ಆದರೆ ಆ ಒಬ್ಬರೇ ಒಂದರಿಂದ ನಾಲ್ಕರವರೆಗಿನ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕಲಿಸಬೇಕು. ಅದಕ್ಕೇ ಕಾಯ್ದೆ, ಮಕ್ಕಳು 60ಕ್ಕಿಂತ ಎಷ್ಟೇ ಕಡಿಮೆ ಇರಲಿ, ಇಬ್ಬರು ಶಿಕ್ಷಕರಿರಬೇಕು ಎನ್ನುತ್ತದೆ. ಪಾಲಕರು ಕೇಳಬೇಕಾದದ್ದು ಅನುಪಾತವನ್ನಲ್ಲ, ತಲೆ ಎಣಿಕೆಯನ್ನು.

ಹಾಜರಾತಿಯ ಮಾತೂ ಹೀಗೆಯೇ. ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕೆಂಬುದು ಕಾಯ್ದೆಯ ಲೆಕ್ಕ. 24 ಮಕ್ಕಳ ಒಂದು ತರಗತಿ ಇದೆ, ವರ್ಷದ ಹಾಜರಾತಿ ಶೇ 90 ಎಂದುಕೊಳ್ಳೋಣ. 24ನ್ನು 200ರಿಂದ ಗುಣಿಸಿದರೆ 4,800. ಅದರಲ್ಲಿ 480 ಗೈರು. ಮಗುವಿಗೆ 20 ದಿನದಂತೆ ಹಂಚಿದರೆ ಚಿಂತೆಯಿಲ್ಲ. ಆದರೆ ಇಪ್ಪತ್ತು ಮಕ್ಕಳು ತಲಾ 12 ದಿನ, ಉಳಿದ ನಾಲ್ವರು ತಲಾ 60 ದಿನ ತಪ್ಪಿಸಿದರೂ ಮೊತ್ತ ಅದೇ 480, ಶೇಕಡಾವಾರು ಅದೇ 90. ಆ ನಾಲ್ವರು ಯಾರೆಂಬುದನ್ನು ರಿಜಿಸ್ಟರಿನ ಸಾಲುಗಳಷ್ಟೇ ಹೇಳುತ್ತವೆ.

ಕುಂಡಯಿ, ಮಡಕಯಿ, ಬೆತೋಡಾ ಕೈಗಾರಿಕಾ ವಸಾಹತುಗಳಲ್ಲೂ ಕಟ್ಟಡ ಕೆಲಸದಲ್ಲೂ ಇರುವ ಉತ್ತರ ಕರ್ನಾಟಕದ ಮನೆಗಳಿಗೆ ಈ ಲೆಕ್ಕ ಹತ್ತಿರದ್ದು. ಜಾತ್ರೆಗೋ ಮದುವೆಗೋ ಸುಗ್ಗಿಗೋ ಊರಿಗೆ ಹೋದವರು ಮೋಲೆ, ಅನಮೋಡ ಘಾಟಿ ಇಳಿದು ಮರಳುವುದು ವಾರಗಳ ಮೇಲೆ. ಹೆಸರು ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ದಾಖಲಾತಿ ತುಂಬಿದ್ದೂ ಬೆಂಚು ಖಾಲಿ ಇರಬಹುದು. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆಯವರು 2024ರಲ್ಲಿ ದೇಶದ ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹೋಗಿ ಎಣಿಸಿದಾಗ ಆ ದಿನ ಬಂದಿದ್ದವರು ಶೇ 75.9.

ಇನ್ನು ಖರ್ಚು. ಕೇಂದ್ರ ಅಂಕಿಅಂಶ ಇಲಾಖೆಯ 2025ರ ಸಮೀಕ್ಷೆಯಂತೆ ಸರ್ಕಾರಿ ಶಾಲೆಯ ಮಗುವಿಗೆ ಮನೆಯವರು ವರ್ಷಕ್ಕೆ ಸರಾಸರಿ 2,863 ರೂಪಾಯಿ, ಸರ್ಕಾರೇತರ ಶಾಲೆಯ ಮಗುವಿಗೆ 25,002 ರೂಪಾಯಿ ತೆರುತ್ತಾರೆ. ಇದು ಇಡೀ ದೇಶದ, ಎಲ್ಲ ತರಗತಿಗಳ ಸರಾಸರಿ; ಫೋಂಡಾದ ಒಂದನೆಯ ತರಗತಿಗೆ ನೇರವಾಗಿ ಹೊಂದಿಸಲಾಗದು. ಗೋವಾದಲ್ಲಿ ಇವೆರಡರ ನಡುವೆ ಅನುದಾನಿತ ಶಾಲೆ ಎಂಬ ಮೂರನೆಯ ಬಗೆ ಇದೆ. ಪ್ರಾಥಮಿಕ ಹಂತದಲ್ಲಿ ಕೊಂಕಣಿ, ಮರಾಠಿಯಂಥ ಭಾಷೆಗಳ ಶಾಲೆಗಳಿಗಷ್ಟೇ ಸಿಗುತ್ತಿದ್ದ ಅನುದಾನ 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಸಿಕ್ಕಿತು, ದೊಡ್ಡ ಗದ್ದಲವೂ ಆಯಿತು. ಕನ್ನಡ ಶಾಲೆಗಳು ಹೆಚ್ಚಾಗಿ ವಾಸ್ಕೊ ಕಡೆಗೆ. ಫೋಂಡಾದ ಕನ್ನಡ ಮನೆಗಳ ಆಯ್ಕೆ ಬಹುಮಟ್ಟಿಗೆ ಮರಾಠಿ ಅಥವಾ ಇಂಗ್ಲಿಷ್. ಪುಸ್ತಕ ಉಚಿತ, ಮಧ್ಯಾಹ್ನದ ಪಾವ್-ಭಾಜಿಯೂ ಉಚಿತ. ಆದರೆ ಅಕ್ಷರ ಹೇಳಿಕೊಡಲು ಮನೆಯಲ್ಲಿ ಆ ಭಾಷೆ ಬಲ್ಲವರಿಲ್ಲದಿದ್ದರೆ ಟ್ಯೂಷನ್ ಅನಿವಾರ್ಯವಾಗುತ್ತದೆ. ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳು ನಾಲ್ಕನೆಯ ತರಗತಿಗೆ ಮುಗಿಯುವುದರಿಂದ ಐದಕ್ಕೆ ಹೊಸ ಶಾಲೆ, ಹೊಸ ಯೂನಿಫಾರಂ, ದೂರವಿದ್ದರೆ ಬಸ್ಸಿನ ದುಡ್ಡೂ ಕೂಡಿಕೊಳ್ಳುತ್ತದೆ.

ಕಲಿಕೆಯ ಅಂಕಿಗಳು ಎಲ್ಲಕ್ಕಿಂತ ಜಾರುವಂಥವು. ‘ಪರಖ್’ ಎಂಬ ರಾಷ್ಟ್ರೀಯ ಕಲಿಕಾ ಸಮೀಕ್ಷೆ 2024ರ ಡಿಸೆಂಬರ್ 4ರಂದು ಮೂರು, ಆರು, ಒಂಬತ್ತನೆಯ ತರಗತಿಗಳನ್ನು ಅಳೆಯಿತು. ದೇಶದಲ್ಲಿ 10ರವರೆಗೆ ಮಗ್ಗಿ ಬಲ್ಲ ಆರನೆಯ ತರಗತಿಯವರು ಶೇ 53. ಇದು ಆಯ್ದ ಶಾಲೆಗಳ ಮಾದರಿ. ಫಲ ಜಿಲ್ಲೆಯದು, ಬೀದಿ ಕೊನೆಯ ಶಾಲೆಯದಲ್ಲ. ಐವರಿರುವ ತರಗತಿಯಲ್ಲಿ ಒಬ್ಬಳು ಜ್ವರದಿಂದ ಮಲಗಿದರೂ ಶೇಕಡಾವಾರು 20 ಅಂಶ ಕುಸಿಯುತ್ತದೆ. ಅಸರ್‌ನವರ ಉಪಾಯವೇ ಮನೆಗೆ ಸಲ್ಲುವಂಥದು: ಎರಡನೆಯ ತರಗತಿ ಮಟ್ಟದ ಪುಟ್ಟ ಕಥೆಯನ್ನು ಮಗುವಿನ ಕೈಗಿತ್ತು ಓದಿಸುವುದು. 2024ರಲ್ಲಿ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯವರಲ್ಲಿ ಅದನ್ನು ಓದಿದವರು ಶೇ 23.4.

ವರ್ಷದ ನಡುವೆ ಊರು ಬದಲಿಸುವ ಮಕ್ಕಳು ಈ ಯಾವ ಲೆಕ್ಕಕ್ಕೂ ಸರಿಯಾಗಿ ಸಿಗುವುದಿಲ್ಲ. ಅವರಿಗಾಗಿ ಕಾಯ್ದೆಯಲ್ಲಿ ಕೆಲವು ಕಲಮುಗಳಿವೆ. ಜನನ ಪ್ರಮಾಣಪತ್ರ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವಂತಿಲ್ಲ. ಶಾಲೆ ಬಿಟ್ಟಿದ್ದರೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹಳೆಯ ಶಾಲೆಯ ಟಿ.ಸಿ. ಬರುವುದು ತಡವಾಯಿತೆಂದು ಹೊಸ ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಮತ್ತು ಟಿ.ಸಿ. ಕೊಡಲು ಸತಾಯಿಸಿದ ಮುಖ್ಯೋಪಾಧ್ಯಾಯರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ.