ಹಸಿರು ಚುಕ್ಕೆಯ ಕಾವಲಿನಲ್ಲಿ

1971ರಲ್ಲಿ ಅಮೆರಿಕದ ಕೇಂಬ್ರಿಜ್ ಪಟ್ಟಣದ ಬಿಬಿಎನ್ ಕಂಪನಿಯಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್, ಅಕ್ಕಪಕ್ಕದಲ್ಲೇ ಇದ್ದ ಎರಡು ಕಂಪ್ಯೂಟರ್‌ಗಳ ನಡುವೆ ಅರ್ಪಾನೆಟ್ ಜಾಲದ ಮೂಲಕ ಒಂದು ಸಂದೇಶ ಕಳಿಸಿದರು. ಹೀಗೊಂದು ಕೆಲಸ ಮಾಡು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವ ಇಮೇಲ್ ಹುಟ್ಟಿದ್ದು ಹಾಗೆ. 1978ರಲ್ಲಿ ಲಿಕ್‌ಲೈಡರ್ ಮತ್ತು ವೆಝಾ ಎಂಬ ತಜ್ಞರು ಈ ಹೊಸ ಟಪಾಲಿನ ಗುಣಗಳನ್ನು ಬರೆದಿಟ್ಟರು. ಮೇಲಧಿಕಾರಿಗೂ ಚುಟುಕಾಗಿ ಬರೆಯಬಹುದು, ಟೈಪಿಂಗ್ ತಪ್ಪಿದರೂ ಯಾರೂ ಬೇಸರಿಸುವುದಿಲ್ಲ. ಮುಖ್ಯವಾಗಿ, ಫೋನಿನಲ್ಲಿ ಆಗುವಂತೆ ಇಬ್ಬರೂ ಒಂದೇ ಹೊತ್ತಿಗೆ ಸಿಗಬೇಕೆಂಬ ಕಟ್ಟು ಇಲ್ಲ.

ಆ ಬಿಡುವೇ ಇಮೇಲಿನ ದೊಡ್ಡ ಕೊಡುಗೆಯಾಗಿತ್ತು. ಅದು ನಮ್ಮ ಕೈತಪ್ಪಿದ್ದು ಒಂದೇ ದಿನದಲ್ಲಲ್ಲ.

1996ರಲ್ಲಿ ಇಸ್ರೇಲಿನ ಮಿರಾಬಿಲಿಸ್ ಕಂಪನಿ ಐಸಿಕ್ಯೂ ಎಂಬ ಹರಟೆಯ ತಂತ್ರಾಂಶ ತಂದಿತು. ಗೆಳೆಯರು ಆನ್‌ಲೈನ್ ಇದ್ದರೆ ಹಸಿರು ಹೂವು, ಇಲ್ಲದಿದ್ದರೆ ಕೆಂಪು. ಗೆಳೆತನಕ್ಕೆ ಹುಟ್ಟಿದ ಈ ಗುರುತು ಬೇಗನೆ ಕಚೇರಿಗೂ ಬಂತು. 1999ರಲ್ಲಿ ಕೆನಡಾದ ಬ್ಲ್ಯಾಕ್‌ಬೆರಿ ಸಾಧನ ಬಂದಮೇಲೆ ಟಪಾಲು ನೋಡಲು ನಾವು ಹೋಗಬೇಕಾದ ಕಾಲ ಮುಗಿಯಿತು. ಟಪಾಲೇ ಜೇಬಿಗೆ ಬಂದು ಕೆಂಪು ದೀಪ ಮಿನುಗಿಸತೊಡಗಿತು. 2014ರ ನವೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ನೀಲಿ ಟಿಕ್ ತಂದಾಗ ‘ನೋಡಲಿಲ್ಲ ಸರ್’ ಎನ್ನುವ ದಾರಿಯೂ ಮುಚ್ಚಿತು. ಅದನ್ನು ಆಫ್ ಮಾಡುವ ಅವಕಾಶವನ್ನು ಕಂಪನಿ ಬೇಗನೆ ಕೊಟ್ಟಿತು, ನಿಜ. ಆದರೆ ಬಾಸ್ ಇರುವ ಗುಂಪಿನಲ್ಲಿ ಅದರಿಂದ ಪ್ರಯೋಜನವಿಲ್ಲ: ಯಾರು ಓದಿದರೆಂಬುದು ಅಲ್ಲಿ ಕಂಡೇ ಕಾಣುತ್ತದೆ.

ಈಗ ಕಚೇರಿಯ ಚಾಟ್‌ನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆ ಇರುತ್ತದೆ. ಕೆಲವು ನಿಮಿಷ ಕಂಪ್ಯೂಟರ್ ಮುಟ್ಟದಿದ್ದರೆ ಚುಕ್ಕೆ ಹಳದಿಗೆ ತಿರುಗುತ್ತದೆ. ಕಾಗದ, ಪೆನ್ನು ಹಿಡಿದು ಯೋಚಿಸುತ್ತ ಕೂತವರೂ ಅದರ ಲೆಕ್ಕದಲ್ಲಿ ಎದ್ದು ಹೋದವರೇ. ಹಾಗಾಗಿ ಕೆಲಸ ಮಾಡುವುದಕ್ಕಿಂತ ಮಾಡುತ್ತಿರುವಂತೆ ಕಾಣುವುದೇ ಚಿಂತೆಯಾಯಿತು. ಮೌಸನ್ನು ತಾನೇ ಅಲುಗಾಡಿಸುವ ಯಂತ್ರಗಳು ಮಾರುಕಟ್ಟೆಗೆ ಬಂದವು. ಕೀಬೋರ್ಡ್ ಚಟುವಟಿಕೆಯ ನಟನೆ ಮಾಡಿದರೆಂದು ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆದ ಸುದ್ದಿ ಹೊರಬಿತ್ತು. ತಪ್ಪು ಅವರದಿರಬಹುದು. ಆದರೆ ಮನುಷ್ಯರನ್ನು ಚುಕ್ಕೆಯ ಬಣ್ಣದಿಂದ ಅಳೆದಾಗ, ಚುಕ್ಕೆಯನ್ನು ಸಾಕುವುದೇ ಉದ್ಯೋಗವಾಗುವುದು ಸಹಜ ಎಂದೇ ನನ್ನ ನಂಬಿಕೆ.

ಬೆಂಗಳೂರಿಗೆ ಈ ಕಾವಲಿನ ಬಿಸಿ ಹೆಚ್ಚು. ಬೇಸಿಗೆಯಲ್ಲಿ ಇಲ್ಲಿ ರಾತ್ರಿ 9 ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8.30. ಅಲ್ಲಿನವರು ಕಾಫಿ ಹಿಡಿದು ಕಳಿಸಿದ ಮೊದಲ ಸಂದೇಶ ಇಲ್ಲಿನವರ ಊಟದ ತಟ್ಟೆಯ ಪಕ್ಕ ಸದ್ದು ಮಾಡುತ್ತದೆ. ಕಳಿಸಿದವರಿಗೆ ನಾಳೆ ಉತ್ತರ ಬಂದರೂ ಸಾಕಾಗಿರಬಹುದು. ಪಡೆದವರಿಗೆ ಹಾಗನ್ನಿಸುವುದಿಲ್ಲ.

ಈ ಅಂತರವನ್ನೇ ಲಾರಾ ಜುರ್ಜೆ ಮತ್ತು ವೆನೆಸಾ ಬಾನ್ಸ್ ಎಂಬ ಸಂಶೋಧಕಿಯರು ಸುಮಾರು 4,000 ಜನರ ಮೇಲೆ 8 ಪ್ರಯೋಗ ನಡೆಸಿ ಪರಿಶೀಲಿಸಿದರು. 2021ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿದೆ: ಕೆಲಸದ ಅವಧಿಯ ಆಚೆ ಬಂದ, ತುರ್ತಲ್ಲದ ಇಮೇಲಿಗೆ ಕಳಿಸಿದವರು ಎಷ್ಟು ಬೇಗ ಉತ್ತರ ಬಯಸುತ್ತಾರೋ ಅದಕ್ಕಿಂತ ಬೇಗ ಬಯಸುತ್ತಾರೆಂದು ಪಡೆದವರು ಊಹಿಸುತ್ತಾರೆ. ಯಾರೂ ಹೇರದ ಗಡುವನ್ನು ಮನಸ್ಸೇ ಹೇರಿಕೊಳ್ಳುತ್ತದೆ, ಆ ಒತ್ತಡವನ್ನು ಅನುಭವಿಸುತ್ತದೆ.

ಈ ಒತ್ತಡಕ್ಕೆ ಕಡಿವಾಣ ಹಾಕಲು ಫ್ರಾನ್ಸ್ 2017ರ ಜನವರಿಯಿಂದ, ಆಸ್ಟ್ರೇಲಿಯಾ 2024ರ ಆಗಸ್ಟ್‌ನಿಂದ ಕೆಲಸದ ನಂತರ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಬರೆದಿವೆ. ನಮ್ಮ ಲೋಕಸಭೆಯಲ್ಲಿ 2018ರ ಕೊನೆಗೆ ಸಂಸದೆ ಸುಪ್ರಿಯಾ ಸುಳೆ ಮಂಡಿಸಿದ ಇಂಥದೇ ಖಾಸಗಿ ಸದಸ್ಯರ ಮಸೂದೆ ಕಾನೂನಾಗಲಿಲ್ಲ.

ಕಾನೂನಿಗೆ ಕಾಯದೆ ಮಾಡಬಹುದಾದದ್ದೂ ಇದೆ. ಜುರ್ಜೆ ಮತ್ತು ಬಾನ್ಸ್ ಅವರ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು. ‘ತುರ್ತಿಲ್ಲ, ಬಿಡುವಾದಾಗ ಉತ್ತರಿಸಿ’ ಎಂಬರ್ಥದ ಒಂದು ಸಾಲನ್ನು ಕಳಿಸುವವರೇ ಸೇರಿಸಿದರೆ ಪಡೆದವರ ತಪ್ಪೆಣಿಕೆ ತಗ್ಗುತ್ತದೆ. ರಾತ್ರಿ ಹತ್ತಕ್ಕೆ ಶಿಕ್ಷಕರ ಗುಂಪಿಗೋ ಅಂಗನವಾಡಿ ಕಾರ್ಯಕರ್ತೆಯರ ಗುಂಪಿಗೋ ಸೂಚನೆ ಹಾಕುವ ಅಧಿಕಾರಿ ಈ ಸಾಲನ್ನು ತಾವೇ ಬರೆಯಬೇಕು. ‘ಇದು ನಾಳೆಗೆ ಸಾಕೇ ಸರ್?’ ಎಂದು ಆ ಗುಂಪಿನಲ್ಲಿ ಕೇಳುವ ಧೈರ್ಯ ಕೆಳಗಿನವರಿಗೆ ಇರುವುದಿಲ್ಲ.